ನೀವೇ ಕೇಳಿ ಪಡೆಯಬೇಕಾದ ಪಾಠ

ಬಾಗಲಕೋಟೆ ವಿದ್ಯಾಗಿರಿಯ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳೇ,

ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕೋ ಬೇಡವೋ ಎಂದು ಕೇಳಿದರೆ ನೀವು ಕೊಡುವ ಉತ್ತರಗಳು ನನಗೆ ಚೆನ್ನಾಗಿ ಪರಿಚಿತ. ವಿಜ್ಞಾನ ಕಲಿಸುತ್ತಲೇ ತಲೆ ನೆರೆತವಳು ನಾನು. ಪರೀಕ್ಷೆ ಹತ್ತಿರ ಬಂದಾಗ ಜೀವಶಾಸ್ತ್ರದ ಪುಸ್ತಕ ಹಿಡಿದು ನಮ್ಮ ಮನೆಯ ಕಟ್ಟೆಗೆ ಬರುವವರು ಈಗಲೂ ಇದ್ದೀರಿ. "ಅದೆಲ್ಲಾ ಗೊತ್ತೈತ್ರಿ ನಮಗ, ಮೊಬೈಲ್‌ನ್ಯಾಗ ನೋಡೇವ್ರಿ" ಎಂದು ಹುಡುಗನೊಬ್ಬ ಧೈರ್ಯದಿಂದ ಹೇಳುತ್ತಾನೆ, ಪಕ್ಕದವನು ನೆಲ ನೋಡುತ್ತಾನೆ. "ಬೇಕ್ರಿ ಮೇಡಂ, ಆದ್ರ ಹುಡುಗ್ರ ಮುಂದ ಬ್ಯಾಡ" ಎಂದು ಹುಡುಗಿಯರು. "ಆ ಪಾಠ ಬಂದ ಕೂಡ್ಲೆ, ಇದನ್ನ ಮನ್ಯಾಗ ಓದ್ಕೋರಿ ಅಂತ ಹಾಳಿ ತಿರುವಿಬಿಟ್ರು" ಎಂದು ಹುಡುಗರೂ ಹುಡುಗಿಯರೂ ಒಟ್ಟಿಗೆ. ಮತ್ತೊಬ್ಬಳು ಮೆಲ್ಲಗೆ, "ಇಂಥಾದು ಕಲಿಸ್ತಾರ ಅಂತ ಮನ್ಯಾಗ ಗೊತ್ತಾದ್ರ ಸಾಲಿ ಬಿಡಿಸಿ ಮದಿವಿ ಮಾಡ್ತಾರ್ರಿ."

ಈ ಮಾತುಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಇವನ್ನೆಲ್ಲ ನೀವು ನನ್ನ ಕಟ್ಟೆಯ ಮೇಲೆ ಹೇಳುತ್ತೀರಿ. ಹೇಳಬೇಕಾದ ಕಡೆ ಬಾಯಿ ಬಿಡುವುದಿಲ್ಲ. ಅದಕ್ಕೇ ಈ ಕಿವಿಮಾತು. ಈ ಪಾಠ ತಾನಾಗಿ ನಿಮ್ಮ ಬೆಂಚಿನವರೆಗೆ ನಡೆದು ಬರುವುದಿಲ್ಲ. ನೀವೇ ಕೇಳಬೇಕು, ಎಂಥದ್ದು ಬೇಕು ಎಂದೂ ನೀವೇ ಹೇಳಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಎಂದರೆ, ಇಪ್ಪತ್ತು ವರ್ಷಗಳಿಂದ ಇದನ್ನು ಹಿರಿಯರು ಹಿರಿಯರೊಳಗೇ ತೀರ್ಮಾನ ಮಾಡಿಕೊಳ್ಳುತ್ತಾ ಬಂದಿದ್ದಾರೆ. ಏಡ್ಸ್ ಹರಡುವುದನ್ನು ತಡೆಯಬೇಕೆಂದು ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶುರು ಮಾಡಿತು. 2007ರಲ್ಲಿ ಆ ಕಾರ್ಯಕ್ರಮದ ಪುಸ್ತಕಗಳ ಚಿತ್ರಗಳ ಮೇಲೆ ದೊಡ್ಡ ಗದ್ದಲವೆದ್ದಿತು. ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶಗಳ ಜೊತೆ ನಮ್ಮ ಕರ್ನಾಟಕವೂ ಅದನ್ನು ತಡೆಹಿಡಿಯಿತು. 2009ರಲ್ಲಿ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ವರದಿ ಕೊಟ್ಟಿತು. ಅಂದು ಒಂಬತ್ತನೇ ತರಗತಿಯಲ್ಲಿದ್ದವರಿಗೆ ಈಗ ಮೂವತ್ತು ದಾಟಿದೆ. ಅವರಲ್ಲಿ ಎಷ್ಟೋ ಮಂದಿ ಸ್ವತಃ ಅಪ್ಪ-ಅವ್ವ ಆಗಿದ್ದಾರೆ. ಮಗಳಿಗೆ ಏನು ಹೇಳಬೇಕೆಂದು ಅವರಿಗೆ ತಿಳಿಯುವುದಿಲ್ಲ, ಯಾಕೆಂದರೆ ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಸಲ ಹಾಳೆ ತಿರುವಿದ್ದಕ್ಕೆ ಎರಡು ತಲೆಮಾರು ಬೆಲೆ ತೆರುತ್ತಿವೆ.

ಈಗ ಗಾಳಿ ತಿರುಗಿದೆ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಒಂದು ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣದ ತೀರ್ಪು ಕೊಡುವಾಗ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಲು ಪಾಠ ಸಿದ್ಧಪಡಿಸಿ ಎಂದು ಶಿಕ್ಷಣ ಇಲಾಖೆಗೆ ಸೂಚಿಸಿತು. 2025ರ ಮಾರ್ಚಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು, 8ರಿಂದ 12ನೇ ತರಗತಿಯವರಿಗೆ ವಾರಕ್ಕೆ ಎರಡು ತರಗತಿಯಂತೆ, ವೈದ್ಯರು ಮತ್ತು ಆರೋಗ್ಯ ಸಿಬ್ಬಂದಿಯ ನೆರವಿನಿಂದ ಲೈಂಗಿಕ ಶಿಕ್ಷಣ ಕೊಡುವುದಾಗಿ ವಿಧಾನಮಂಡಲದಲ್ಲಿ ಪ್ರಕಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಒಂಬತ್ತನೇ ತರಗತಿಯವರೆಗೆ ಕಾಯುವುದೇಕೆ, ಇನ್ನೂ ಚಿಕ್ಕವರಿದ್ದಾಗಲೇ ಶುರುವಾಗಲಿ ಎಂದಿತು. ತೀರ್ಪು ಬಂದಿದೆ, ಘೋಷಣೆಯೂ ಆಗಿದೆ. ಆದರೂ ಘೋಷಣೆ ಬೆಂಗಳೂರಿನಿಂದ ಬಾಗಲಕೋಟೆಯ ತರಗತಿಗೆ ಬರುವ ದಾರಿಯಲ್ಲಿ ಸೊರಗುವುದನ್ನು ನಾನು ಬಹಳ ಕಂಡಿದ್ದೇನೆ. ಕೇಳುವವರಿದ್ದರೆ ಸೊರಗುವುದಿಲ್ಲ.

ಕೇಳಿದ ತಕ್ಷಣ ಎದುರಾಗುವ ಮೊದಲ ಮಾತು, "ಇದು ನಮ್ಮ ಸಂಸ್ಕೃತಿಯಲ್ಲ." ಇದಕ್ಕೆ ಹೆದರಬೇಡಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಉತ್ತರ ಮನೆಯ ಹತ್ತಿರವೇ ಇದೆ.

ಬಾದಾಮಿಗೆ ಪ್ರವಾಸ ಹೋಗದವರು ನಿಮ್ಮಲ್ಲಿ ಇರಲಿಕ್ಕಿಲ್ಲ. ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ, ಕ್ರಿ.ಶ. 578ರದ್ದು. ಅದೇ ಗುಹೆಯ ಕಂಬಗಳ ಮೇಲ್ಭಾಗದಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿಂತ ದಂಪತಿಗಳ ಶಿಲ್ಪಗಳಿವೆ. ದೇವರಿರುವ ಜಾಗದಲ್ಲಿ ಗಂಡು-ಹೆಣ್ಣಿನ ಪ್ರೀತಿಯನ್ನು ಕೆತ್ತಲು ಚಾಲುಕ್ಯರ ಶಿಲ್ಪಿ ಹಿಂಜರಿಯಲಿಲ್ಲ. ಅಲ್ಲಿಂದ ಇಳಿದು ವಸ್ತುಸಂಗ್ರಹಾಲಯಕ್ಕೆ ಹೋದರೆ ನಾಗನಾಥಕೊಳ್ಳದಿಂದ ತಂದಿಟ್ಟ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ಅರಳಿದ ಕಮಲ, ಹೆರಿಗೆಗೆ ಕೂತ ಭಂಗಿ. ಸಂತಾನವನ್ನೂ ಸಮೃದ್ಧಿಯನ್ನೂ ಬೇಡಿ ಜನ ಕೈಮುಗಿಯುತ್ತಿದ್ದ ದೇವಿ ಆಕೆ. ನೀವು ಮೊಣಕೈಯಿಂದ ಒಬ್ಬರನ್ನೊಬ್ಬರು ತಿವಿದು ನಗುತ್ತೀರಿ, ಜೊತೆಗೆ ಬಂದ ಶಿಕ್ಷಕರು "ನಡೀರಿ ನಡೀರಿ" ಎಂದು ಮುಂದೆ ದಬ್ಬುತ್ತಾರೆ. ಮುಂದಿನ ಸಲ ನಿಂತು ನೋಡಿ. ಹುಟ್ಟನ್ನು ಪೂಜೆಗೆ ಇಟ್ಟ ನಾಡಿನವರು ನಾವು. ಅದನ್ನು ಪಾಠದಲ್ಲಿ ಓದಲು ಯಾರ ಅಪ್ಪಣೆ ಬೇಕು?

ಇನ್ನು ಕೂಡಲಸಂಗಮ. ನಮ್ಮ ಹುನಗುಂದ ತಾಲೂಕಿನದು. ಬಸವಣ್ಣನವರು ಐಕ್ಯರಾದ ಜಾಗ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ತಿರಸ್ಕರಿಸಿದರು: ಹುಟ್ಟಿನದು, ಸಾವಿನದು, ಜಾತಿಯದು, ಎಂಜಲಿನದು, ಮುಟ್ಟಿನದು. ಮುಟ್ಟಾದ ಹೆಣ್ಣು ಮೈಲಿಗೆಯಲ್ಲ ಎಂದು ಎಂಟುನೂರು ವರ್ಷಗಳ ಹಿಂದೆ ಇಲ್ಲಿ ಹೇಳಿಯಾಗಿದೆ. ಇಷ್ಟಾದರೂ ಇವತ್ತಿಗೂ ಔಷಧಿ ಅಂಗಡಿಯಲ್ಲಿ ಪ್ಯಾಡ್ ಕೊಂಡರೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಕರೀ ಚೀಲಕ್ಕೆ ಹಾಕಿ ಕೊಡುತ್ತಾರೆ. ಹಳ್ಳಿಗಳಲ್ಲಿ ಹುಡುಗಿ ದೊಡ್ಡಾಕಿ ಆದಾಗ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಆರತಿ ಮಾಡಿ, ಹಾಡು ಹೇಳಿ, ಉಡಿ ತುಂಬುತ್ತಾರೆ. ಓಣಿಗೆಲ್ಲ ಸುದ್ದಿ ತಿಳಿಯುತ್ತದೆ. ತನ್ನ ಮೈಯೊಳಗೆ ಏನಾಯಿತು ಎಂಬುದನ್ನು ಆ ಹುಡುಗಿಗೆ ಮಾತ್ರ ಯಾರೂ ಹೇಳುವುದಿಲ್ಲ. ನನಗೆ ಬಹಳ ಸಂಕಟ ಕೊಡುವ ವಿಷಯ ಇದು.

ಹೇಳಿದವರು ಇಲ್ಲವೆಂದಲ್ಲ. ಡಾಕ್ಟರೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ', 'ತಾಯಿ-ಮಗು' ಬರೆದರು. ಕನ್ನಡದ ಎಷ್ಟೋ ಮನೆಗಳಲ್ಲಿ ಆ ಪುಸ್ತಕಗಳು ಅವ್ವ ಹೇಳಲಾಗದ್ದನ್ನು ಹೇಳಿದವು. ಆದರೆ ತಿಳಿವಳಿಕೆ ಕೈಗೆ ಬರುತ್ತಿದ್ದದ್ದು ಮದುವೆ ಹತ್ತಿರ ಬಂದಾಗ, ಅದೂ ಹೆಚ್ಚಾಗಿ ಹೆಣ್ಣಿಗೆ. ಹದಿನಾಲ್ಕರ ಹುಡುಗನಿಗೆ ಪುಸ್ತಕವೇ ಇರಲಿಲ್ಲ.

ಆ ಹುಡುಗನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಎಲ್ಲರೂ ಹೆಣ್ಣುಮಕ್ಕಳ ಬಗ್ಗೆ ಮಾತಾಡುತ್ತಾರೆ. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಹಂಚುವ ದಿನ ಹುಡುಗಿಯರನ್ನು ಒಳಗೆ ಕೂರಿಸಿ ಹುಡುಗರನ್ನು ಮೈದಾನಕ್ಕೆ ಕಳಿಸುತ್ತಾರೆ. ತಮ್ಮಾ, ನಿನ್ನ ಧ್ವನಿ ಒಡೆದಾಗ, ಮೀಸೆ ಚಿಗುರಿದಾಗ, ರಾತ್ರಿ ನಿದ್ದೆಯಲ್ಲಿ ವೀರ್ಯ ಹೊರಬಂದು ಚಡ್ಡಿ ಒದ್ದೆಯಾದಾಗ ನಿನಗೆ ಹೇಳಲು ಯಾರಿದ್ದರು? ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ 'ಗುಪ್ತರೋಗ' ಜಾಹೀರಾತು ಇತ್ತು. ನಲವತ್ತು ಹನಿ ರಕ್ತದಿಂದ ಒಂದು ಹನಿ ವೀರ್ಯ, ಅದು ಹೋದರೆ ಶಕ್ತಿ ಹೋಯಿತು ಎಂಬ ಸುಳ್ಳು ಇತ್ತು. ಈ ಭಯದಿಂದ ಹುಡುಗರು ನಿದ್ದೆ ಕೆಡಿಸಿಕೊಂಡು, ಓದು ಬಿಟ್ಟು, ಅಪ್ಪನ ಕಿಸೆಯಿಂದ ದುಡ್ಡು ತೆಗೆದು ನಕಲಿ ವೈದ್ಯರಿಗೆ ಸುರಿಯುತ್ತಾರೆ. ನಮ್ಮ ದೇಶದ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಈ ತೊಂದರೆಯನ್ನು ಗುರುತಿಸಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಇದರಲ್ಲಿ ಮೈಯಿಂದ ಯಾವ ಶಕ್ತಿಯೂ ಸೋರುವುದಿಲ್ಲ. ಹುಡುಗನನ್ನು ಬಳಲಿಸುವುದು ಮನಸ್ಸಿನೊಳಗಿನ ಭಯ. ನಿದ್ದೆಯಲ್ಲಿ ವೀರ್ಯ ಹೊರಬರುವುದು ಸಹಜ. ಹಸ್ತಮೈಥುನದಿಂದ ಕಣ್ಣೂ ಹೋಗುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಈ ಎರಡು ವಾಕ್ಯಗಳನ್ನು ಒಬ್ಬ ಶಿಕ್ಷಕ ಗಟ್ಟಿಯಾಗಿ ಹೇಳಿದ್ದರೆ ಎಷ್ಟು ಹುಡುಗರ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು!

ತಂಗೀ, ನಿನಗೂ ಇಂಥ ಎರಡು ಮಾತು ಹೇಳಿಬಿಡುತ್ತೇನೆ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷ ತಿಂಗಳು ತಪ್ಪಿ ಬರುವುದು ಸಾಮಾನ್ಯ. 21 ದಿನಕ್ಕೂ ಬರಬಹುದು, 45 ದಿನವೂ ಆಗಬಹುದು. ಏಳು ದಿನ ಮೀರಿ ಹೋಗುತ್ತಿದ್ದರೆ, ಏಳಲಾಗದಷ್ಟು ನೋವಿದ್ದರೆ, ಹದಿನೈದು ತುಂಬಿದರೂ ಮುಟ್ಟೇ ಬರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹುನಗುಂದ, ಇಳಕಲ್, ಗುಳೇದಗುಡ್ಡದ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿ, ಬಾಡಿಗೆ ಖೋಲಿಯಲ್ಲಿ ಇರುವವರಿಗೆ ಅವ್ವ ಹತ್ತಿರವಿಲ್ಲ. ರಾತ್ರಿ ಹೊಟ್ಟೆ ಹಿಡಿದು ಕೂತಾಗ ಕೈಗೆ ಸಿಗುವುದು ಫೋನು ಒಂದೇ. ಜಿಲ್ಲಾ ಆಸ್ಪತ್ರೆಯಲ್ಲಿ, ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ 'ಸ್ನೇಹ ಕ್ಲಿನಿಕ್' ಎಂಬ ವ್ಯವಸ್ಥೆ ಇದೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ. ಎಷ್ಟು ಜನಕ್ಕೆ ಗೊತ್ತು? ಮೊದಲ ಪಾಠದಲ್ಲೇ ಹೇಳಬೇಕಾದ ಸಂಗತಿ ಇದು.

ಈಗ "ಮೊಬೈಲ್‌ನ್ಯಾಗ ನೋಡೇವ್ರಿ" ಎಂದವನಿಗೆ. ನೀನು ನೋಡಿದ್ದು ದುಡ್ಡಿಗಾಗಿ ನಟಿಸಿ, ಕತ್ತರಿಸಿ ಜೋಡಿಸಿದ ದೃಶ್ಯ. ಅದರಲ್ಲಿ ಯಾರೂ ಯಾರನ್ನೂ "ನಿನಗೆ ಇಷ್ಟವೇ?" ಎಂದು ಕೇಳುವುದಿಲ್ಲ. "ಬೇಡ" ಎಂದರೆ ಯಾರೂ ನಿಲ್ಲುವುದಿಲ್ಲ. ಬಸಿರಿಲ್ಲ, ರೋಗವಿಲ್ಲ, ಮರುದಿನ ಅಳುವ ಮುಖವಿಲ್ಲ. ಅದನ್ನು ನೋಡಿ ಹೆಣ್ಣನ್ನು ಅರಿತೆ ಎಂದುಕೊಂಡರೆ ನಿನ್ನ ಮುಂದಿನ ಸಂಸಾರಕ್ಕೇ ಪೆಟ್ಟು. ಇನ್ನೊಂದು ಸಂಗತಿ ಬಹಳ ಹುಡುಗರಿಗೆ ತಿಳಿದಿಲ್ಲ. ಹದಿನೆಂಟು ತುಂಬದವರ ಅಂಥ ಚಿತ್ರ, ವಿಡಿಯೋ ಹಂಚುವುದು ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಸೆರೆವಾಸವಾಗಬಹುದು. ಅಂಥದ್ದನ್ನು ಫೋನಿನಲ್ಲಿ ನೋಡುವುದು, ಇಟ್ಟುಕೊಳ್ಳುವುದು ಕೂಡ ಅಪರಾಧವಾಗುತ್ತದೆಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು; ಅದೇ ತೀರ್ಪಿನಲ್ಲಿ ಸಮಗ್ರ ಲೈಂಗಿಕ ಶಿಕ್ಷಣ ಬೇಕೆಂದೂ ಹೇಳಿತು. ಸಹಪಾಠಿಯ ಫೋಟೋ ವಾಟ್ಸಾಪ್ ಗುಂಪಿಗೆ ಬಂದರೆ ಅದು ನಿನ್ನ ಫೋನಿನಿಂದ ಮುಂದೆ ಹೋಗಕೂಡದು.

ಪ್ರೀತಿಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಈ ವಯಸ್ಸಿನಲ್ಲಿ ಯಾರೋ ಒಬ್ಬರು ಮನಸ್ಸಿಗೆ ಹಿಡಿಸುವುದು ತಪ್ಪಲ್ಲ. ಆದರೆ 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಮಕ್ಕಳ "ಒಪ್ಪಿಗೆ"ಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪರಸ್ಪರ ಒಪ್ಪಿಯೇ ಸೇರಿದರೂ ಹುಡುಗನ ಮೇಲೆ ಪ್ರಕರಣ ದಾಖಲಾಗುತ್ತದೆ. ಸಂಭೋಗ ನಡೆದಿದ್ದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ಧಾರವಾಡ ಪೀಠ ಈ ವಯಸ್ಸಿನ ಮಿತಿಯನ್ನು ಮರುಚಿಂತಿಸಿ ಎಂದು ಕಾನೂನು ಆಯೋಗವನ್ನು ಕೇಳಿದ್ದುಂಟು. ಹದಿನೆಂಟನ್ನು ಇಳಿಸಬಾರದೆಂದೇ ಆಯೋಗ 2023ರಲ್ಲಿ ವರದಿ ಕೊಟ್ಟಿತು. ಈ ಕಾನೂನು ಸರಿಯೋ ಅಲ್ಲವೋ ಎಂದು ನೀವು ದೊಡ್ಡವರಾದ ಮೇಲೆ ವಾದಿಸಿರಿ. ಇವತ್ತು ಅದು ಇದೆ. ಅದು ಇದೆ ಎಂಬುದನ್ನು ಜೈಲಿನಲ್ಲಿ ಕೂತು ತಿಳಿಯುವುದಕ್ಕಿಂತ ತರಗತಿಯಲ್ಲಿ ಕೂತು ತಿಳಿಯುವುದು ಮೇಲಲ್ಲವೇ?

ಕಾನೂನು ಇರುವುದು ನಿಮ್ಮನ್ನು ಕಾಯಲಿಕ್ಕೆ. ಕೇಂದ್ರ ಸರ್ಕಾರವೇ 2007ರಲ್ಲಿ ಹೊರತಂದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಮೈ ಮುಟ್ಟಿದವರಲ್ಲಿ ಅರ್ಧದಷ್ಟು ಜನ ಮಕ್ಕಳಿಗೆ ಗೊತ್ತಿದ್ದವರು, ಮಕ್ಕಳು ನಂಬಿದ್ದವರು. ಲೈಂಗಿಕ ಶಿಕ್ಷಣಕ್ಕೆ ಗದ್ದಲವೆದ್ದ ಅದೇ ವರ್ಷ ಬಂದ ವರದಿ ಇದು, ನೆನಪಿಡಿ. ನಿಮಗೆ ಹಾಗೇನಾದರೂ ಆಗಿದ್ದರೆ ತಪ್ಪು ನಿಮ್ಮದಲ್ಲ, ನಿಮ್ಮ ಬಟ್ಟೆಯದೂ ಅಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ದುಡ್ಡು ಬೇಕಿಲ್ಲ. ಶಿಕ್ಷಕರಿಗೆ ಹೇಳಿದರೆ ಅವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅವರೇ ಅಪರಾಧಿಗಳಾಗುತ್ತಾರೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಹೇಳಿಕೊಂಡ ಮೇಲೆ ಏನಾಗುತ್ತದೆ ಎಂಬುದು ನಿಮಗೆ ತಿಳಿದಿರಬೇಕು.

ತಂದೆ-ತಾಯಿ ಒಪ್ಪುವುದಿಲ್ಲ ಎನ್ನುತ್ತೀರಿ. ಕಲಿಸಿದರೆ ಮಕ್ಕಳು ಕೆಡುತ್ತಾರೆ ಎಂಬುದು ಅವರ ಆತಂಕ. ಆ ಆತಂಕದಲ್ಲಿ ಪ್ರೀತಿಯಿದೆ, ಎದುರು ಮಾತಾಡಿ ಗೆಲ್ಲಲು ಹೋಗಬೇಡಿ. ಯುನೆಸ್ಕೋ 2009ರಲ್ಲೂ 2018ರಲ್ಲೂ ಜಗತ್ತಿನ ಬೇರೆ ಬೇರೆ ಕಡೆಯ ಅಧ್ಯಯನಗಳನ್ನು ಕೂಡಿಸಿ ನೋಡಿತು: ಈ ಶಿಕ್ಷಣದಿಂದ ಮಕ್ಕಳು ಬೇಗ ದಾರಿ ತಪ್ಪುವುದಿಲ್ಲ ಎಂದೇ ಕಂಡುಬಂದಿತು. ಇಷ್ಟು ದೂರದ ಮಾತು ಅವರಿಗೆ ಹಿಡಿಸದಿದ್ದರೆ ನಮ್ಮ ಜಿಲ್ಲೆಯದನ್ನೇ ನೆನಪಿಸಿ. ಬಾಗಲಕೋಟೆ ಜಿಲ್ಲೆ 1997ರಲ್ಲಿ ಹುಟ್ಟಿದ ಹೊಸತರಲ್ಲೇ ಎಚ್‌ಐವಿ ಇಲ್ಲಿ ಹೊಲಮನೆಯ ಸಂಸಾರಗಳಿಗೆ ನುಗ್ಗಿತ್ತು. 2003ರ ಸುಮಾರಿಗೆ ಸಾಮಾನ್ಯ ಜನರ ನಡುವೆ ಮಾಡಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಸೋಂಕು ಕಂಡಿತು. ಇಂಡಿಯಾ-ಕೆನಡಾ ಸಹಯೋಗದ ಯೋಜನೆ ಇಲ್ಲಿಗೇ ಬಂದು ಕೆಲಸ ಮಾಡಿತು. ಆಗ ಈ ಜಿಲ್ಲೆಯ ಹಳ್ಳಿಗಳಲ್ಲಿ ಬೀದಿನಾಟಕ ಆಡಿದರು, ಕಟ್ಟೆಯ ಮೇಲೆ ಕೂತು ಕಾಂಡೋಮ್ ಬಗ್ಗೆ ಮಾತಾಡಿದರು. ದೇವದಾಸಿ ಪದ್ಧತಿಗೆ ಬಲಿಯಾಗಿದ್ದ ಹೆಣ್ಣುಮಕ್ಕಳೂ ಸಂಘ ಕಟ್ಟಿ ಮುಂದೆ ಬಂದರು. ಸಾವು ಮನೆ ಬಾಗಿಲಿಗೆ ಬಂದಾಗ ನಿಮ್ಮ ಅಜ್ಜ-ಅಜ್ಜಿಯರು ನಾಚಿಕೆ ಬದಿಗಿಟ್ಟು ಮಾತಾಡಿದ್ದಾರೆ. ನಿಮ್ಮ ತಂದೆ-ತಾಯಿಗೂ ಅದು ಆಗದ್ದೇನಲ್ಲ.

ಮದುವೆಯ ಭಯಕ್ಕೂ ಉತ್ತರ ತಿಳಿದಿರಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ನಮ್ಮ ಭಾಗದಲ್ಲಿ ಈ ಚಿಂತೆ ಇನ್ನೂ ದೊಡ್ಡದು. ಏನೂ ಗೊತ್ತಿಲ್ಲದ ಹುಡುಗಿಯನ್ನು ಗಂಡನ ಮನೆಗೆ ಕಳಿಸುವ ಊರಿನಲ್ಲಿ, ಗೊತ್ತಿರುವ ಹುಡುಗಿಯೇ ಕೆಟ್ಟಳು ಎಂದರೆ ಒಪ್ಪಬೇಡಿ. ಬಾಲ್ಯವಿವಾಹವೂ 1098ಕ್ಕೆ ಹೇಳಬಹುದಾದ ವಿಷಯವೇ.

ಇನ್ನು, ಪಾಠ ಹೇಗಿರಬೇಕು? ಹುಡುಗರು, ಹುಡುಗಿಯರು ಬೇರೆ ಬೇರೆ ಕೂರಬೇಕೆಂದು ನಿಮ್ಮಲ್ಲಿ ಬಹಳ ಜನ ಕೇಳುತ್ತೀರಿ. ಪ್ರಶ್ನೆ ಕೇಳುವಾಗ ಬೇರೆ ಕೂರಲಿ, ಪಾಠ ಕೇಳುವಾಗ ಒಟ್ಟಿಗೆ ಇರಲಿ ಎಂಬುದು ನನ್ನ ನಿಲುವು. ಮುಟ್ಟಿನ ನೋವು ಏನೆಂದು ತಿಳಿಯದ ಹುಡುಗ ನಾಳೆ ಗಂಡನಾಗುತ್ತಾನೆ, ಅಪ್ಪನಾಗುತ್ತಾನೆ, ಮಾಸ್ತರನೂ ಆಗುತ್ತಾನೆ. ಬಾಯಿ ಬಿಟ್ಟು ಕೇಳಲು ನಾಚಿಕೆಯಾದರೆ ಚೀಟಿ ಬರೆಯಿರಿ, ಹೆಸರು ಬೇಡ. ಒಂದು ಡಬ್ಬಿ ಇಟ್ಟು ನೋಡಿದ ಶಿಕ್ಷಕರಿಗೆ ಗೊತ್ತು: ಬಾಯಿ ಬಿಡದ ತರಗತಿಯೇ ಡಬ್ಬಿಯನ್ನು ತುಂಬಿಸುತ್ತದೆ. ಡಾಕ್ಟರು ಬಂದು ಹೇಳಲಿ ಎನ್ನುತ್ತೀರಿ, ಒಳ್ಳೆಯದೇ. ನವನಗರದಲ್ಲಿ ವೈದ್ಯಕೀಯ ಕಾಲೇಜೇ ಇದೆ, ನಮಗೆ ಡಾಕ್ಟರರ ಬರವಿಲ್ಲ. ಆದರೆ ಡಾಕ್ಟರು ಹೇಳಿ ಹೋಗುತ್ತಾರೆ. ಮರುವಾರ ನಿಮ್ಮ ಮುಖ ಬಾಡಿದ್ದನ್ನು ಗುರುತಿಸುವವರು ದಿನಾ ಬರುವ ಶಿಕ್ಷಕರು. ಅದಕ್ಕೇ ಅವರಿಗೂ ತರಬೇತಿ ಕೊಡಿ ಎಂದು ನೀವು ಕೇಳಬೇಕು. ಹಾಳೆ ತಿರುವಿದ ಶಿಕ್ಷಕರ ಮೇಲೆ ಸಿಟ್ಟು ಬೇಡ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತರಗತಿಯ ನಾಲ್ಕು ಜನ ಒಟ್ಟಾಗಿ ಹೋಗಿ "ಸರ್, ಈ ಪಾಠ ನಮಗ ಬೇಕ್ರಿ" ಎಂದರೆ ಅವರಿಗೂ ಧೈರ್ಯ ಬರುತ್ತದೆ.

ಹಳ್ಳಿಯಿಂದ ಬಂದವರು ಇನ್ನೊಂದು ಕೆಲಸ ಮಾಡಬಹುದು. ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್‌ನ ಆಸುಪಾಸಿನಲ್ಲಿ, ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಅಲ್ಲಿ ಮಕ್ಕಳು ಶೌಚಾಲಯ ಕೇಳುತ್ತಾರೆ, ಶಾಲೆಗೆ ಕಂಪೌಂಡು ಕೇಳುತ್ತಾರೆ, ಬಸ್ಸು ಕೇಳುತ್ತಾರೆ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಈ ಸಲ ಇದನ್ನೂ ಬರೆಸಿ: ಎಂಟನೇ ತರಗತಿಯಿಂದ ಲೈಂಗಿಕ ಶಿಕ್ಷಣದ ತರಗತಿ ನಡೆಯಬೇಕು, ಹುಡುಗರಿಗೂ ಹುಡುಗಿಯರಿಗೂ. ಆರೋಗ್ಯ ಕೇಂದ್ರದ ಡಾಕ್ಟರು ಬರಬೇಕು, ನಮ್ಮ ಶಿಕ್ಷಕರಿಗೆ ತರಬೇತಿಯಾಗಬೇಕು, ಶಾಲೆಯಲ್ಲಿ ಪ್ರಶ್ನೆಯ ಡಬ್ಬಿ ಇರಬೇಕು. ಬರೆಸಿದ ಮೇಲೆ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಎದ್ದು ಬನ್ನಿ.